ಮನೆಮಂದಿಗೆಲ್ಲ ಒಂದೇ ತೋಳು

ಅತ್ತೆಯ ಕೂದಲನ್ನು ಬಾಚಣಿಗೆಯ ತುದಿಯಿಂದ ಸೀಳಿ ಸೀಳಿ ನೋಡುತ್ತ, ನೋಡಿ ಮುಗಿದದ್ದಕ್ಕೆ ಕ್ಲಿಪ್ಪು ಸಿಕ್ಕಿಸುತ್ತ ಅವಳು ಎಡಗಿವಿಯ ಹಿಂದಕ್ಕೆ ಬಂದಿದ್ದಳು. ಕೆಲಸದಿಂದ ಬಂದು ಚಪ್ಪಲಿ ಬಿಟ್ಟದ್ದಷ್ಟೇ. ಕೈಚೀಲ ಇನ್ನೂ ಅಡುಗೆಮನೆ ಬಾಗಿಲಿನ ಹಿಡಿಯಲ್ಲಿ ನೇತಾಡುತ್ತಿತ್ತು. ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೈಗನ್ನಡಿ ಹಿಡಿದು ಕೂತು, ತಮ್ಮ ತಲೆಯ ಮೇಲೆ ನಡೆಯುತ್ತಿದ್ದ ಕೆಲಸಕ್ಕೆ ತಾವೇ ಮೇಲ್ವಿಚಾರಕಿಯಾಗಿದ್ದರು.

“ಬೇರಲ್ಲಿ ಎಷ್ಟು ಬೆಳ್ಳಗಾಗಿದೆ?”

“ಒಂದು ಬೆರಳಗಲ.”

“ಅಷ್ಟೆಲ್ಲ ಇರಲ್ಲ. ಉಗುರಗಲ ಇರುತ್ತೆ. ನೀನು ಯಾವತ್ತೂ ಒಂದಕ್ಕೆರಡು ಮಾಡಿ ಹೇಳೋಳು.”

“ಸರಿ ಅತ್ತೆ, ಉಗುರಗಲ.”

ಉಗುರಗಲವೋ ಬೆರಳಗಲವೋ, ಭಾನುವಾರ ಬಣ್ಣ ಹಚ್ಚುವುದಂತೂ ಖಚಿತವಾಗಿತ್ತು. ಅದಾದ ಎರಡನೆಯ ದಿನ ಅತ್ತೆಯ ಹಳೆಯ ಗೆಳತಿಯರು ಸೇರುವವರಿದ್ದರು. ಎಲ್ಲರೂ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರವರ ಕರೆಗಳನ್ನು ಜೋಡಿಸುತ್ತಿದ್ದವರು. ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಅತ್ತೆಯ ಬಾಯಲ್ಲಿ ಅದರ ಮಾತು ಉಳಿದಿತ್ತು. ಕೇಳಲು ಮನಸ್ಸಿಲ್ಲದ ಮಾತು ಬಂದರೆ, “ಲೈನ್ ಬಿಜಿ ಇದೆ” ಎಂದು ಮುಖ ತಿರುಗಿಸಿಬಿಡುತ್ತಿದ್ದರು. ಆಮೇಲೆ ಯಾರು ಎಷ್ಟು ಕೂಗಿಕೊಂಡರೂ ಅಷ್ಟೇ.

ಕಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ಚರ್ಮ ಇನ್ನೂ ಒರಟಾಗಿತ್ತು. ಅವಳು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು. ಹಿಂದಿನ ಸಲ ಬಣ್ಣ ಹಚ್ಚಿದ ಮಾರನೆಯ ದಿನ ಅತ್ತೆಯ ಕಣ್ಣುರೆಪ್ಪೆಗಳು ಉಬ್ಬಿ, ಕಣ್ಣು ಬರೀ ಗೀರಿನಷ್ಟು ಕಾಣುತ್ತಿತ್ತು. ತಲೆಯೆಲ್ಲ ತುರಿಕೆ. ಔಷಧಿ ಅಂಗಡಿಯವನು ಕೊಟ್ಟ ಮಾತ್ರೆ ನುಂಗಿ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ದಿಂಬಿನ ಚೀಲ ಒಗೆದ ಸೋಪಿನಿಂದ ಹೀಗಾಯಿತೆಂದು ಅತ್ತೆಯೇ ತೀರ್ಪು ಕೊಟ್ಟರು. ದಿಂಬಿನ ಚೀಲ ಕಸದ ಬುಟ್ಟಿಗೆ ಹೋಯಿತು, ಸೋಪು ಮನೆ ಬಿಟ್ಟಿತು, ಬಣ್ಣದ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ.

“ಅತ್ತೆ, ಈ ಸಲ ಮೊದಲು ಟೆಸ್ಟ್ ಮಾಡಿಬಿಡೋಣ. ಕಿವಿ ಹಿಂದೆ ಚೂರು ಹಚ್ಚೋದು, ಎರಡು ದಿನ ಹಾಗೇ ಬಿಡೋದು. ಕೆಂಪಗಾಗದಿದ್ರೆ ಭಾನುವಾರ ಹಚ್ಚೋಣ. ಇವತ್ತು ಬುಧವಾರ, ಟೈಮಿದೆ.”

“ನನಗೇನಾಗಿದೆ ಅಂತ ಟೆಸ್ಟು?”

“ಹೋದ ಸಲ ಕಣ್ಣು ಊದಿತ್ತಲ್ಲ.”

“ಅದು ಸೋಪು.”

“ಸೋಪು ಅಂತ ಹೇಳಿದ್ದು ನೀವು.”

“ಮತ್ತೆ ಯಾರು ಹೇಳಬೇಕಿತ್ತು? ಕಣ್ಣು ನಂದೇ ಅಲ್ವಾ?” ಅತ್ತೆ ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದರು. “ಅಷ್ಟು ಅನುಮಾನ ಇದ್ರೆ ನಿನ್ನ ತೋಳಿಗೆ ಹಚ್ಚಿ ನೋಡು. ನಿನಗೇನೂ ಆಗದಿದ್ರೆ ನಮಗೆಲ್ಲ ಏನೂ ಆಗಲ್ಲ.”

ಅವಳು ಬಾಚಣಿಗೆಯನ್ನು ಹಿಡಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದಳು. ಇದು ಹೊಸ ಮಾತೇನೂ ಅಲ್ಲ. ಆ ಮನೆಯಲ್ಲಿ ಏನನ್ನು ಪರೀಕ್ಷಿಸಬೇಕಾದರೂ ಅವಳ ತೋಳೇ ಆಗಬೇಕು. ಮಗಳು ಕೂಸಾಗಿದ್ದಾಗ ಹಾಲಿನ ಬಿಸಿ ನೋಡಿದ್ದು, ಸ್ನಾನದ ನೀರಿಗೆ ಮೊಣಕೈ ಅದ್ದಿ ನೋಡಿದ್ದು ಸರಿ, ಅದು ತಾಯಿಯಾದವಳು ಮಾಡುವ ಕೆಲಸ. ಆದರೆ ಮಗಳು ಬೆಳೆದು, ಓದು ಮುಗಿಸಿ, ತನ್ನ ಮನೆ ತಾನು ಮಾಡಿಕೊಂಡ ಮೇಲೂ ತೋಳು ಮಾತ್ರ ಡ್ಯೂಟಿಯಿಂದ ಬಿಡುಗಡೆಯಾಗಲಿಲ್ಲ. ಗಂಡ ತಂದ ಹೊಸ ಶೇವಿಂಗ್ ಕ್ರೀಮು, ಅತ್ತೆಯ ಮಂಡಿನೋವಿನ ಮುಲಾಮು, ನಾದಿನಿಗೆ ಯಾರೋ ಉಡುಗೊರೆ ಕೊಟ್ಟ ಅತ್ತರು, ಎಲ್ಲವೂ ಮೊದಲು ಅವಳ ಮೊಣಕೈ ಮಡಿಕೆಗೇ ಬರಬೇಕು. “ಉರಿಯುತ್ತಾ ನೋಡು.” ಉರಿಯುತ್ತಿಲ್ಲವೆಂದರೆ ಮನೆಮಂದಿಗೆಲ್ಲ ಅಪ್ಪಣೆ. ಅಡುಗೆಯ ಉಪ್ಪು ನೋಡಿದ ಹಾಗೆ. ಒಬ್ಬಳು ನಾಲಗೆಗೆ ಹಚ್ಚಿಕೊಂಡು ‘ಸರಿ ಇದೆ’ ಎಂದರೆ ಎಲ್ಲರೂ ತಟ್ಟೆಯ ಮುಂದೆ ಕೂರಬಹುದು.

“ಅತ್ತೆ, ನನ್ನ ಚರ್ಮ ಬೇರೆ, ನಿಮ್ಮ ಚರ್ಮ ಬೇರೆ.”

“ಲೈನ್ ಬಿಜಿ ಇದೆ,” ಎಂದರು ಅತ್ತೆ.

ಊಟದ ಹೊತ್ತಿಗೆ ವಿಷಯ ಗಂಡನ ತನಕ ಹೋಯಿತು. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಕಾಲಡಿಯ ಎರಡನೆಯ ಬ್ರೇಕು ಒತ್ತುತ್ತಿದ್ದವನು ಮನೆಗೆ ಬಂದ ಮೇಲೆ ಯಾವುದಕ್ಕೂ ಬ್ರೇಕು ಹಾಕಲು ಇಷ್ಟಪಡುತ್ತಿರಲಿಲ್ಲ.

“ಅಮ್ಮ ಹೇಳೋದರಲ್ಲಿ ತಪ್ಪೇನಿದೆ? ನಿನ್ನ ಕೈ ಮೇಲೆ ಹಚ್ಕೊಂಡು ನೋಡು. ಕಡ್ಡೀನ ಗುಡ್ಡ ಮಾಡಬೇಡ.”

“ರೀ, ನಿಮ್ಮ ಶಿಷ್ಯರಲ್ಲಿ ಒಬ್ಬ ಟೆಸ್ಟ್ ಪಾಸಾದ ಅಂತ ಅವನ ಮನೆಯವರಿಗೆಲ್ಲ ಲೈಸೆನ್ಸ್ ಕೊಡ್ತಾರಾ?”

“ಅದು ಬೇರೆ.”

“ಹೇಗೆ ಬೇರೆ?”

“ಅದು ಸರ್ಕಾರದ್ದು,” ಎಂದು ಅವನು ಗಂಭೀರವಾಗಿ ಹೇಳಿ, ಇನ್ನೊಂದು ಸೌಟು ಬಡಿಸಿಕೊಂಡ.

ಅಷ್ಟು ಹೊತ್ತಿಗೆ ನಾದಿನಿಯ ಫೋನೂ ಬಂತು. ಭಾನುವಾರ ನಾದಿನಿಯೂ ಬರುವವಳು. ಎರಡು ತಿಂಗಳಿಗೊಮ್ಮೆ ಒಂದೇ ಬಟ್ಟಲಲ್ಲಿ ಕಲಸಿದ ಬಣ್ಣ ಮೊದಲು ಅತ್ತೆಯ ತಲೆಗೆ, ಆಮೇಲೆ ನಾದಿನಿಗೆ, ಆಮೇಲೆ ಗಂಡನ ಮೀಸೆಗೆ, ಕೊನೆಗೆ ಬಟ್ಟಲನ್ನು ಕೆರೆದು ಉಳಿದದ್ದು ಅವಳಿಗೆ. ಹಚ್ಚುವವಳು ನಾಲ್ಕು ಸಲವೂ ಅವಳೇ. ಅತ್ತೆ ಮಗಳಿಗೆ ಎಲ್ಲ ವರದಿ ಮಾಡಿ, ಫೋನಿನ ಸ್ಪೀಕರು ಒತ್ತಿ ಮೇಜಿನ ಮಧ್ಯೆ ಇಟ್ಟರು.

“ಅತ್ತಿಗೆ, ಮನೇಲಿ ಲ್ಯಾಬ್ ತೆಗೆದಿದ್ದೀರಂತೆ?” ಫೋನಿನಿಂದ ನಗು ಬಂತು. “ನಾನೂ ಬರಬೇಕಾದ್ರೆ ರಕ್ತ ಕೊಟ್ಟು ಬರಬೇಕಾ?”

“ನೀನೂ ಮಾಡಿಕೊಂಡ್ರೆ ಒಳ್ಳೇದು. ಕಿವಿ ಹಿಂದೆ ಒಂದು ಚೂರು.”

“ಅಯ್ಯೋ, ನಾನು ಎಷ್ಟು ವರ್ಷದಿಂದ ಹಚ್ಕೋತಾ ಇದ್ದೀನಿ. ಆಗೋದಿದ್ರೆ ಯಾವತ್ತೋ ಆಗಬೇಕಿತ್ತು.”

“ಹಾಗಲ್ಲ, ವರ್ಷಗಟ್ಟಲೆ ಆಗದೇ ಇದ್ದು ಆಮೇಲೆ ಒಂದಿನ ಶುರುವಾಗಬಹುದಂತೆ. ಅದಕ್ಕೇ ಪ್ರತಿ ಸಲಾನೂ ನೋಡಿ ಅಂತ ಪೆಟ್ಟಿಗೆ ಮೇಲೇ ಹಾಕಿದ್ದಾರೆ.”

“ಪೆಟ್ಟಿಗೆ ಮೇಲೆ ಇರೋ ಹುಡುಗಿ ಥರ ಆಗ್ತೀನಿ ಅಂತಾನೂ ಹಾಕಿದ್ದಾರೆ ಅತ್ತಿಗೆ. ಆದ್ನಾ?”

ಮೂವರೂ ನಕ್ಕರು. ಅವಳಿಗೂ ನಗು ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಅವಳು ತನ್ನ ತೋಳಿಗೆ ಹಚ್ಚಿಕೊಂಡರೆ ಅತ್ತೆಯೂ ಕಿವಿಯ ಹಿಂದೆ ಹಚ್ಚಿಸಿಕೊಳ್ಳುವುದು. “ನಿನ್ನ ಸಮಾಧಾನಕ್ಕೆ,” ಎಂದರು ಅತ್ತೆ. ಎಂಥ ದೊಡ್ಡ ಉಪಕಾರ ಎನ್ನುವ ಹಾಗೆ ಕಿವಿಯನ್ನು ಮುಂದಕ್ಕೆ ಬಗ್ಗಿಸಿಕೊಟ್ಟರು. ಅವಳು ಟ್ಯೂಬಿನಿಂದ ಚೂರೇ ಚೂರು ತೆಗೆದು ಅಲ್ಲಿ ಹಚ್ಚಿದಳು. ಇನ್ನೊಂದು ಚೂರನ್ನು ತನ್ನ ಮೊಣಕೈ ಮಡಿಕೆಗೆ. ಎರಡು ದಿನ ತೊಳೆಯಬಾರದು ಎಂದು ಬಾಯಿಬಿಟ್ಟು, ನಿಧಾನವಾಗಿ, ಒಬ್ಬೊಬ್ಬರ ಮುಖ ನೋಡಿ ಹೇಳಿದಳು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನೋಡಿದರೆ ಅತ್ತೆಯ ಕಿವಿಯ ಹಿಂದೆ ಏನೂ ಇರಲಿಲ್ಲ. ಚರ್ಮ ಒದ್ದೆಯಾಗಿತ್ತು.

“ಅತ್ತೆ, ಎಲ್ಲಿ ಹೋಯ್ತು?”

“ಏನೋ ಅಂಟಂಟಾಗಿತ್ತು. ಒರೆಸಿಬಿಟ್ಟೆ.”

“ಒರೆಸಬಾರದು ಅಂತ ಎಷ್ಟು ಸಲ ಹೇಳಿದ್ದೆ!”

“ಅಷ್ಟು ಹೊತ್ತು ಇತ್ತಲ್ಲ. ಏನಾದ್ರೂ ಆಯ್ತಾ? ಆಗಲಿಲ್ಲ. ಮುಗೀತು, ಟೆಸ್ಟ್ ಪಾಸ್.” ಅತ್ತೆ ಟೀ ಲೋಟ ಎತ್ತಿಕೊಂಡರು. “ನಿಂದಿದೆಯಲ್ಲ ಹೇಗೂ.”

ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಪ್ರತಿಧ್ವನಿ ಕೊಡುತ್ತಿತ್ತು. ಮತ್ತೆ ಹಚ್ಚಲು ಹೋದರೆ ಅತ್ತೆ ಕಿವಿಯ ಮೇಲೆ ಅಂಗೈ ಮುಚ್ಚಿ ಕೂತರು, ಲಸಿಕೆಗೆ ಹೆದರಿದ ಮಗುವಿನ ಹಾಗೆ. ಬಸ್ಸಿಗೆ ಹೊತ್ತಾಗಿತ್ತು. ಅವಳು ಟ್ಯೂಬನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಕಪಾಟಿಗೆ ಹಾಕಿ, ಕಪಾಟಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿ ಹೊರಟಳು.

ಅವಳು ಕೆಲಸ ಮಾಡುತ್ತಿದ್ದದ್ದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ, ಕಲೆ ತೆಗೆಯುವ ಮೇಜಿನಲ್ಲಿ. ಅಂಗಡಿಯ ಮುಂಭಾಗದಲ್ಲಿ ಗಾಜಿನ ಕೌಂಟರು, ಹಿಂದೆ ಪ್ಲಾಸ್ಟಿಕ್ ಹೊದ್ದು ತೂಗಾಡುವ ಬಟ್ಟೆಗಳ ಸಾಲು, ಅದರ ಹಿಂದೆ ಕಿಟಕಿಯ ಬೆಳಕು ಬೀಳುವಲ್ಲಿ ಅವಳ ಮೇಜು. ಮೇಜಿನ ಮೇಲೆ ಬಾಟಲಿಗಳು, ಮೆತ್ತನೆಯ ಬ್ರಶ್ಶುಗಳು, ಬಿಳಿ ಚಿಂದಿಗಳು. ಶಾಯಿಗೆ ಒಂದು ದ್ರಾವಣ, ಎಣ್ಣೆಗೆ ಒಂದು, ರಕ್ತಕ್ಕೆ ತಣ್ಣೀರು. ಯಾವ ಬಟ್ಟೆಯಾಗಲಿ, ಕಲೆಗೆ ಕೈ ಹಾಕುವ ಮೊದಲು ಅದನ್ನು ತಿರುವಿ, ಒಳಹೊಲಿಗೆಯ ಮಡಿಕೆಯಲ್ಲಿ ಯಾರಿಗೂ ಕಾಣದ ಕಡೆ ಒಂದು ಹನಿ ಹಾಕಿ, ಬಿಳಿ ಚಿಂದಿ ಒತ್ತಿ ನೋಡುವುದು ಅವಳ ಪದ್ಧತಿ. ಬಣ್ಣ ಚಿಂದಿಗೆ ಇಳಿದರೆ ಆ ದ್ರಾವಣ ಬೇಡ. ಒಂದೇ ಸೂಟಿನ ಕೋಟಿಗೂ ಪ್ಯಾಂಟಿಗೂ ಬೇರೆ ಬೇರೆ ಹನಿ ಹಾಕುವವಳು ಅವಳು. ಒಂದೇ ಥಾನಿನಿಂದ ಹರಿದ ಬಟ್ಟೆಯಾದರೂ ಕೋಟು ಎಷ್ಟು ಬಿಸಿಲು ಕಂಡಿದೆಯೋ, ಪ್ಯಾಂಟು ಎಷ್ಟು ಒಗೆತ ಕಂಡಿದೆಯೋ, ಯಾರಿಗೆ ಗೊತ್ತು?

ಆ ದಿನ ಒಂದು ಉಣ್ಣೆಯ ಕೋಟನ್ನು ತಿರುವಿ ಹನಿ ಹಾಕುತ್ತಿದ್ದಾಗ, ಇಸ್ತ್ರಿ ಮಾಡುವಾಕೆ ಹಬೆಯ ಮಧ್ಯದಿಂದ ಕೇಳಿದಳು, “ಯಾಕಕ್ಕ, ಕೋಟಿನ ಮೇಲೆ ಅಷ್ಟು ಸಿಟ್ಟು?”

“ಕೋಟಿನ ಮೇಲಲ್ಲ. ಈ ಕೋಟಿಗೆ ಇರೋ ಮರ್ಯಾದೆ ನಮ್ಮನೇಲಿ ತಲೆಗಿಲ್ಲ.”

“ಯಾರ ತಲೆಗೆ?”

“ಯಾರ ತಲೆಗೂ!”

ಇಸ್ತ್ರಿಯಾಕೆ ಹಬೆಯ ಪೆಡಲನ್ನು ಒತ್ತಿ, ತಾನೂ ಹಬೆಯೊಳಗೆ ಮಾಯವಾದಳು.

ಶುಕ್ರವಾರ ಮಧ್ಯಾಹ್ನ ಅವಳ ತೋಳು ತುರಿಸತೊಡಗಿತು. ಮೊದಲು ಸೊಳ್ಳೆ ಇರಬೇಕೆಂದುಕೊಂಡು ಬಟ್ಟೆಯ ಮೇಲಿಂದಲೇ ಕೆರೆದುಕೊಂಡಳು. ಆಮೇಲೆ ತೋಳು ಮಡಿಸಿದರೆ ಉರಿ, ಚಾಚಿದರೆ ಬಿಗಿತ. ಕೈತೊಳೆಯುವ ತೊಟ್ಟಿಯ ಬಳಿ ತೋಳಿನ ಬಟ್ಟೆ ಮೇಲೆ ಸರಿಸಿ ನೋಡಿದಳು. ಮೊಣಕೈ ಮಡಿಕೆಯಲ್ಲಿ, ಅವಳು ಹಚ್ಚಿದ ಚೂರಿಗಿಂತ ಎಷ್ಟೋ ದೊಡ್ಡದಾಗಿ, ಕೆಂಪಗೆ ಉಬ್ಬಿತ್ತು. ನಡುವೆ ಸಣ್ಣ ಸಣ್ಣ ನೀರುಗುಳ್ಳೆಗಳು.

“ಅಕ್ಕಾ, ಇಸ್ತ್ರಿ ತಾಗಿಸ್ಕೊಂಡ್ಯಾ?” ಎಂದು ಓಡಿ ಬಂದವಳು ಇಸ್ತ್ರಿಯಾಕೆ. ಸುಟ್ಟ ಗಾಯ ಅವಳಿಗೆ ದಿನನಿತ್ಯದ್ದು.

“ಅಲ್ಲ. ಹೇರ್ ಡೈ.”

“ಕೈಗ್ಯಾಕೆ ಹಚ್ಕೊಂಡೆ ಹೇರ್ ಡೈ? ಅಲ್ಲೇನು ಕೂದಲು ಬೆಳ್ಳಗಾಗಿತ್ತಾ?”

ಅವಳು ತೋಳಿನ ಬಟ್ಟೆ ಕೆಳಗಿಳಿಸಿದಳು. ಇಷ್ಟು ವರ್ಷ ಬಟ್ಟಲಿನ ತಳ ಕೆರೆದು ತನ್ನ ತಲೆಗೆ ಮೆತ್ತಿಕೊಂಡದ್ದು ಇದೇ ಬಣ್ಣ. ಏನೂ ಆಗಿರಲಿಲ್ಲ. ಬೇರೆಯವರ ಕಿವಿ ಹಿಡಿದು ಪಾಠ ಹೇಳುತ್ತಿದ್ದವಳು ತನ್ನ ಚರ್ಮದ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಒಪ್ಪಂದಕ್ಕಾಗಿ, ಅತ್ತೆಯ ಹಟಕ್ಕಾಗಿ, ಸುಮ್ಮನೆ ಒಂದು ನಾಟಕವೆಂದು ಹಚ್ಚಿಕೊಂಡ ಚೂರು ಅವಳಿಗೇ ಉತ್ತರ ಹೇಳಿತ್ತು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಅವಳಿಗೆ ಒಂದು ವಿಚಿತ್ರ ಸಮಾಧಾನವೂ ಆಯಿತು. ಮನೆಯವರ ಲೆಕ್ಕದಲ್ಲಿ ಅವಳ ತೋಳೆಂದರೆ ಎಲ್ಲರ ತೋಳು. ಅದು ಕೆಂಪಗಾಗಿದೆ ಎಂದರೆ ಮುಗಿಯಿತು, ಭಾನುವಾರ ಯಾರಿಗೂ ಬಣ್ಣವಿಲ್ಲ. ಲೆಕ್ಕ ತಪ್ಪೇ. ಆದರೆ ತಪ್ಪು ಲೆಕ್ಕದಿಂದಲಾದರೂ ಅತ್ತೆಯ ಕಣ್ಣು ಉಳಿಯುವುದಾದರೆ ಆಗಲಿ. ಒಬ್ಬರ ಚರ್ಮ ಇನ್ನೊಬ್ಬರದಲ್ಲ ಎಂಬ ಉಪನ್ಯಾಸವನ್ನು ಇನ್ನೊಂದು ದಿನ ಮಾಡಿದರಾಯಿತು. ಇಳಿಯುವ ನಿಲ್ದಾಣ ಬಂದಾಗ ಅವಳು ಹೆಚ್ಚುಕಡಿಮೆ ಗೆದ್ದವಳ ಹಾಗೆಯೇ ಇಳಿದಳು.

ಮನೆಯಲ್ಲಿ ಗಂಡ ಸೋಫಾದ ಮೇಲೆ ಕಾಲು ಚಾಚಿದ್ದ. ಅತ್ತೆ ಗೆಳತಿಯರ ಕೂಟಕ್ಕೆ ಉಡುವ ಬಟ್ಟೆಗಳನ್ನು ಕುರ್ಚಿಯ ಮೇಲೆ ಹರಡಿಕೊಂಡು ಯಾವುದು ಎಂದು ನೋಡುತ್ತಿದ್ದರು. ಅವಳು ಇಬ್ಬರ ಮಧ್ಯೆ ನಿಂತು ತೋಳಿನ ಬಟ್ಟೆ ಮೇಲಕ್ಕೆಳೆದಳು.

“ನೋಡಿ.”

ಇಬ್ಬರೂ ನೋಡಿದರು. ಗಂಡ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದ.

“ಅಬ್ಬ!” ಎಂದ.

“ಅಯ್ಯೋ,” ಎಂದರು ಅತ್ತೆ. “ಹಾಗಾದ್ರೆ ನಿನಗೆ ಆಗಿಬರಲ್ಲ ಅಂತಾಯ್ತು.”

“ಅದೇ ಹೇಳ್ತಿದ್ದೀನಿ. ಭಾನುವಾರ ಯಾರಿಗೂ ಬೇಡ.”

“ಯಾರಿಗೂ ಅಂದ್ರೆ?” ಅತ್ತೆ ಬಟ್ಟೆಯೊಂದನ್ನು ಎದೆಗೆ ಹಿಡಿದು ತಲೆ ಎತ್ತಿದರು. “ಕೆಂಪಗಾಗಿರೋದು ನಿನ್ನ ಕೈ. ನನ್ನ ತಲೆಗೆ ಏನಾಯ್ತು?”

“ಅತ್ತೆ, ನೀವೇ ಅಲ್ವಾ ಹೇಳಿದ್ದು, ನನಗೇನೂ ಆಗದಿದ್ರೆ ಎಲ್ಲರಿಗೂ ಏನೂ ಆಗಲ್ಲ ಅಂತ?”

“ಹೌದು. ಆಗದಿದ್ರೆ ಅಂದೆ. ಆದ್ರೆ ಅಂತ ಹೇಳಿದ್ನಾ?” ಅತ್ತೆಯ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. “ಮೊನ್ನೆಯಿಂದ ನೀನೇ ಬಾಯಿ ಬಡ್ಕೋತಾ ಇದ್ದೀಯ, ನಿನ್ನ ಚರ್ಮ ಬೇರೆ, ನನ್ನ ಚರ್ಮ ಬೇರೆ ಅಂತ. ಈಗ ಒಂದೇ ಆಗಿಬಿಡ್ತಾ?”

“ಅದು ಸರಿ ನೋಡು,” ಎಂದ ಗಂಡ, ಯಾವುದೋ ದೊಡ್ಡ ಗಂಟು ಬಿಡಿಸಿದವನ ಹಾಗೆ. “ನೀನು ಹೇಳಿದ ಪಾಯಿಂಟೇ ಅಮ್ಮ ಹೇಳ್ತಿರೋದು.”

“ರೀ! ಮೊನ್ನೆ ನೀವು ಏನು ಹೇಳಿದ್ರಿ?”

“ಮೊನ್ನೆ ಮೊನ್ನೆಯದು. ಈಗ ಪರಿಸ್ಥಿತಿ ಬದಲಾಗಿದೆ.”

ಪರಿಸ್ಥಿತಿ ಬದಲಾದದ್ದು ಅವಳ ತೋಳಿನ ಮೇಲೆ. ಅವಳಿಗೆ ತಲೆ ಚಿಟ್ಟು ಹಿಡಿದು ಹೋಯಿತು. ಅತ್ತೆ ಒರೆಸಿ ಹಾಕಿದ್ದು ಟೆಸ್ಟೇ ಅಲ್ಲವೆಂದಳು, ಇನ್ನೂ ಕಾಲ ಮೀರಿಲ್ಲ, ಈಗಲೇ ಹಚ್ಚಿ ನಾದಿನಿಗೆ ಭಾನುವಾರದ ಬದಲು ಇನ್ನೊಂದು ದಿನ ಬರಲು ಹೇಳೋಣವೆಂದಳು. ನಾದಿನಿಗೆ ಬೇರೆ ದಿನ ರಜೆ ಇಲ್ಲ ಎಂದರು. ಬಣ್ಣವೇ ಇಲ್ಲದೆ ಹೋದರೆ ಏನಾಗುತ್ತದೆ ಎಂದಳು. ಅತ್ತೆ ಉತ್ತರವನ್ನೇ ಕೊಡದೆ, ಇವಳೇನು ಬಟ್ಟೆಯೇ ಇಲ್ಲದೆ ಹೋಗು ಎನ್ನುತ್ತಿದ್ದಾಳೋ ಎನ್ನುವ ಹಾಗೆ ಮಗನ ಮುಖ ನೋಡಿದರು.

“ನೀನು ಈ ಸಲ ಹಚ್ಕೋಬೇಡ, ಅಷ್ಟೇ,” ಎಂದು ಗಂಡ ರಾಜಿ ಮಾಡಿಸಿದ. “ನಮಗೆ ಹಚ್ಚುವಾಗ ಗ್ಲೌಸ್ ಹಾಕ್ಕೋ. ಎರಡೆರಡು ಹಾಕ್ಕೋ ಬೇಕಾದ್ರೆ.”

“ಉದ್ದನೆಯವು ಸಿಗುತ್ತೆ, ಮೊಣಕೈ ತನಕ,” ಎಂದರು ಅತ್ತೆ ಸಹಾಯಕ್ಕೆಂಬಂತೆ.

ಉರಿಯುತ್ತಿದೆಯಾ ಎಂದು ಇಬ್ಬರೂ ಕೇಳಲಿಲ್ಲ. ಉರಿಯುತ್ತಾ ಎಂದು ಅಷ್ಟೊಂದು ಸಲ, ಅಷ್ಟೊಂದು ಮುಲಾಮುಗಳ ಬಗ್ಗೆ ಕೇಳಿದ್ದ ಮನೆ ಅದು. ನಿಜವಾಗಿ ಉರಿದ ದಿನ ಆ ಪ್ರಶ್ನೆಯೇ ಯಾರ ನೆನಪಿಗೂ ಬರಲಿಲ್ಲ. ಅವಳು ತೋಳಿನ ಬಟ್ಟೆ ಕೆಳಗಿಳಿಸಿ ಅಡುಗೆಮನೆಗೆ ಹೋಗಿ, ತಣ್ಣೀರಿನ ನಲ್ಲಿಯ ಕೆಳಗೆ ಮೊಣಕೈ ಹಿಡಿದು ನಿಂತಳು. ಹೊರಗೆ ತಾಯಿ ಮಗ ನೀಲಿಯೋ ಹಸಿರೋ ಎಂದು ಬಟ್ಟೆಯ ಚರ್ಚೆಗೆ ಹೋಗಿಯಾಗಿತ್ತು.

ಶನಿವಾರ ಬೆಳಿಗ್ಗೆ ಗಂಡ ಬೇಗ ಹೊರಟುಹೋದ. ಶಾಲೆಯಲ್ಲಿ ಹೊಸಬರ ತಂಡವಿತ್ತು. ಅವಳು ಟೀ ಮಾಡಿ ಅತ್ತೆಗೆ ಲೋಟ ಕೊಟ್ಟು, ತನ್ನ ಊಟದ ಡಬ್ಬಿ ಕಟ್ಟಿಕೊಳ್ಳುತ್ತಿದ್ದಳು. ಮಾತಾಡುವುದಿಲ್ಲವೆಂದು ಹಲ್ಲು ಕಚ್ಚಿಕೊಂಡಿದ್ದಳು. ಅತ್ತೆ ಬಾಗಿಲ ಬಳಿ ಬಂದು ನಿಂತರು.

“ಕೈ ಹೇಗಿದೆ?”

ಅವಳು ತಿರುಗಿ ನೋಡಿದಳು. “ಇದೆ.”

“ಏನಾದ್ರೂ ಹಚ್ಚಿದ್ಯಾ?”

“ಹಚ್ಚಿದ್ರಿಂದಲೇ ಹೀಗಾಗಿರೋದು.”

ಅತ್ತೆಗೆ ನಗು ಬಂತು. ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೇರಿನಲ್ಲಿ ಬೆಳ್ಳಗಾದ ಕೂದಲು ಬೆಳಗಿನ ಬೆಳಕಿನಲ್ಲಿ ಬೈತಲೆಯುದ್ದಕ್ಕೂ ಸುಣ್ಣದ ಗೆರೆಯ ಹಾಗೆ ಕಾಣುತ್ತಿತ್ತು.

“ಹೋದ ಸಲ ಎಲ್ಲರೂ ಸೇರಿದಾಗ ಒಬ್ಬಳು ಪೂರ್ತಿ ಬೆಳ್ಳಗಾಗಿ ಬಂದಿದ್ಲು,” ಎಂದರು. “ಎಕ್ಸ್‌ಚೇಂಜಲ್ಲಿ ನನ್ನ ಪಕ್ಕದ ಬೋರ್ಡಿನವಳು. ನನಗಿಂತ ಚಿಕ್ಕವಳು. ಅವಳು ಬಾಗಿಲಲ್ಲಿ ಕಾಲಿಟ್ಟಿದ್ದೇ ತಡ, ನಾಲ್ಕು ಜನ ಎದ್ದು ಕುರ್ಚಿ ಕೊಟ್ರು. ಕೂತ್ಕೋ, ಕೂತ್ಕೋ ಅಂತ. ಇಡೀ ಹೊತ್ತು ಅವಳನ್ನ ಎದ್ದೇಳೋಕೇ ಬಿಡಲಿಲ್ಲ, ಪಾಪ. ನನಗೆ ಯಾರೂ ಕೊಡಲಿಲ್ಲ. ನಾನು ನಿಂತೇ ಇದ್ದೆ. ಎಷ್ಟು ಖುಷಿಯಾಗಿತ್ತು ಗೊತ್ತಾ?”

ಅವಳು ಡಬ್ಬಿಯ ಮುಚ್ಚಳ ಒತ್ತಿದಳು.

“ನಾಳೆ ಸುಮ್ಮನೆ ಹಚ್ಚಿಬಿಡು. ಟೆಸ್ಟು ಗಿಸ್ಟು ಅಂತ ತೆಗೀಬೇಡ.”

“ಅತ್ತೆ, ಟೆಸ್ಟ್ ಮಾಡಿದ್ರೆ ನಿಮಗೇನು ನಷ್ಟ? ಒಂದು ಚೂರು!”

“ಮಾಡಿದ್ರೆ ಗೊತ್ತಾಗಿಬಿಡುತ್ತಲ್ಲ,” ಎಂದರು ಅತ್ತೆ ಥಟ್ಟನೆ.

ಅತ್ತೆ ಒಂದು ಗುಟುಕು ಕುಡಿದು, ಲೋಟದೊಳಗೆ ನೋಡುತ್ತ, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು: “ಅವತ್ತು ಕಣ್ಣು ಊದಿದಾಗ ಗಂಟಲೂ ಸ್ವಲ್ಪ ಬಿಗಿದ ಹಾಗಾಗಿತ್ತು. ಉಗುಳು ನುಂಗೋಕೂ ಕಷ್ಟ. ನಿಮಗ್ಯಾರಿಗೂ ಹೇಳಲಿಲ್ಲ.”

“ಏನು?” ಅವಳು ಡಬ್ಬಿಯನ್ನು ಕೆಳಗಿಟ್ಟಳು. “ಗಂಟಲು ಬಿಗಿದಿತ್ತಾ? ಅತ್ತೆ! ಅದನ್ನ ಈಗ ಹೇಳ್ತೀರಲ್ಲ? ಉಸಿರು ನಿಂತಿದ್ರೆ? ಗೊತ್ತಿದ್ದೂ ಗೊತ್ತಿದ್ದೂ ಮತ್ತೆ ನಾಳೆ—”

“ಲೈನ್ ಬಿಜಿ ಇದೆ,” ಎಂದು ಅತ್ತೆ ಲೋಟ ಹಿಡಿದು ಕಿಟಕಿಯ ಕಡೆಗೆ ನಡೆದರು. ಆದರೆ ಈ ಸಲ ಆ ಮಾತಿನಲ್ಲಿ ಎಂದಿನ ಜೋರಿರಲಿಲ್ಲ. ಕುರ್ಚಿಯಲ್ಲಿ ಕೂತು, ಅವಳಿಗೆ ಬೆನ್ನು ಮಾಡಿ, ಬೆರಳ ತುದಿಯಿಂದ ಒಂದು ರೆಪ್ಪೆಯನ್ನು, ಆಮೇಲೆ ಇನ್ನೊಂದನ್ನು ಮುಟ್ಟಿ ನೋಡಿಕೊಂಡರು.

ಅವಳು ಅಡುಗೆಮನೆಯಲ್ಲೇ ನಿಂತಳು. ಕೂಗಾಡಬೇಕೆನಿಸಿತು. ಗಂಡನಿಗೆ ಫೋನು ಮಾಡಬೇಕೆನಿಸಿತು. ಮಾಡಿದರೆ ಏನಾಗುತ್ತದೆಂದೂ ಗೊತ್ತಿತ್ತು. ಅವನು ಮೊದಲು ನಂಬುವುದಿಲ್ಲ, ಆಮೇಲೆ ಹೆದರಿ, ಹೆದರಿದ್ದಕ್ಕೆ ತಾಯಿಯ ಮೇಲೆ ರೇಗುತ್ತಾನೆ. ನಾದಿನಿ ಸ್ಪೀಕರಿನಲ್ಲಿ ಬಂದು ಅಳುತ್ತಾಳೆ. ಎಲ್ಲರೂ ಸೇರಿ ಮುದುಕಿಯನ್ನು ನಡುವೆ ಕೂರಿಸಿಕೊಂಡು, ಇನ್ನು ನಿನ್ನ ಜೀವಮಾನದಲ್ಲಿ ಬಣ್ಣವಿಲ್ಲ ಎಂದು ಶಿಕ್ಷೆ ಓದಿ ಹೇಳುತ್ತಾರೆ. ಅತ್ತೆ ಹಟಕ್ಕೆ ಬಿದ್ದು ಯಾವುದೋ ಪಾರ್ಲರಿಗೆ ಹೋಗಿ, ತಲೆ ಕೊಟ್ಟು ಕೂತರೂ ಕೂತಾರು.

ಟೆಸ್ಟು, ಟೆಸ್ಟು ಎಂದು ತಾನು ವಾರವೆಲ್ಲ ಜಗಳವಾಡಿದ್ದು ಯಾತಕ್ಕೆ? ಪರೀಕ್ಷೆ ಹೋದ ಸಲವೇ ಆಗಿಹೋಗಿತ್ತು. ಊದಿದ ಆ ರೆಪ್ಪೆಗಳೇ ಉತ್ತರ. ಆ ಉತ್ತರ ಅತ್ತೆಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಗೂ ಗೊತ್ತಿತ್ತು. ‘ಇನ್ನು ನಿಮಗೆ ಬಣ್ಣ ಹಚ್ಚುವ ಹಾಗಿಲ್ಲ ಅತ್ತೆ’ ಎಂಬ ಒಂದು ಮಾತನ್ನು ನೇರವಾಗಿ ಆಡಲು ಬಾಯಿ ಬಾರದೆ, ಆ ಮಾತನ್ನು ಒಂದು ಚೂರು ಬಣ್ಣದ ಬಾಯಿಂದ ಆಡಿಸಲು ಅವಳು ಹೆಣಗುತ್ತಿದ್ದಳು. ಕೇಳಿಸಿಕೊಳ್ಳಲು ಆಗದೆ ಅತ್ತೆ ಆ ಚೂರನ್ನು ಒರೆಸಿ ಹಾಕಿದ್ದರು. ಇಬ್ಬರೂ ಒಂದೇ ಬಾಗಿಲನ್ನು ಎರಡೂ ಕಡೆಯಿಂದ ಹಿಡಿದುಕೊಂಡು ನಿಂತಿದ್ದರು, ಅಷ್ಟೇ.

ಸಿಟ್ಟು ಹೋಗಲಿಲ್ಲ. ಗಂಟಲು ಬಿಗಿದದ್ದನ್ನು ಅಡಗಿಸಿಟ್ಟದ್ದಕ್ಕೆ ಅವಳ ಹೊಟ್ಟೆ ಇನ್ನೂ ಉರಿಯುತ್ತಿತ್ತು. ತೋಳು ಬೇರೆ ಉರಿಯುತ್ತಿತ್ತು. ಆದರೂ ಅವಳು ಕಿಟಕಿಯ ಕಡೆಗೆ ಹೋಗಲಿಲ್ಲ.

ಕಪಾಟು ತೆಗೆದಳು. ಪೆಟ್ಟಿಗೆಯ ಮೇಲಿನ ಹುಡುಗಿ ಕಪ್ಪು ಕೂದಲನ್ನು ಒಂದು ಭುಜಕ್ಕೆ ಹರಡಿಕೊಂಡು ಹಲ್ಲು ಬಿಡುತ್ತಿದ್ದಳು. ಅವಳನ್ನು ಕೈಚೀಲದ ತಳಕ್ಕೆ ತಳ್ಳಿ, ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ಕರವಸ್ತ್ರ ಇಟ್ಟಳು. ಅಂಗಡಿಯಲ್ಲಿ ಕೆಟ್ಟ ದ್ರಾವಣಗಳನ್ನು ಸುರಿಯುವ ಡ್ರಮ್ಮಿತ್ತು. ನಾಳೆ ನಾದಿನಿ ಬಂದು, ಹಳೆಯ ಟವೆಲ್ಲು ಹೊದ್ದು ಎಲ್ಲರೂ ಸಾಲಾಗಿ ಕೂತಾಗ, ಬಣ್ಣದ ಪೆಟ್ಟಿಗೆ ಎಲ್ಲಿಟ್ಟೆನೋ ನೆನ‍ಪೇ ಇಲ್ಲ ಎಂದುಬಿಡುವುದು. ಮರೆಗುಳಿ ಎನ್ನುತ್ತಾರೆ, ಅನ್ನಲಿ. ಅತ್ತೆ ಗೆಳತಿಯರ ಮುಂದೆ ನಿಂತು, ‘ನನ್ನ ಸೊಸೆಯ ಕೆಲಸ ನೋಡಿ, ಸರಿಯಾದ ಹೊತ್ತಿಗೆ ಕಳೆದುಹಾಕಿದಳು’ ಎಂದು ಮನಸಾರೆ ಬೈಯಲಿ. ಯಾರಾದರೂ ಕುರ್ಚಿ ಕೊಟ್ಟರೆ, ಕೊಟ್ಟದ್ದು ಬಿಳಿ ಕೂದಲಿಗಲ್ಲ, ಸೊಸೆಯ ಅಜಾಗರೂಕತೆಗೆ ಎಂದುಕೊಳ್ಳಲಿ. ಸೋಮವಾರ ಈ ತೋಳು ತೋರಿಸಲು ಡಾಕ್ಟರ ಬಳಿ ಹೋಗುವಾಗ ಜೊತೆಗೆ ಬನ್ನಿ ಎಂದು ಅತ್ತೆಯನ್ನೂ ಕರೆದುಕೊಂಡು ಹೋಗಿ, ಅಲ್ಲಿ ಕೂತಾಗ ಗಂಟಲಿನ ಮಾತು ತೆಗೆಯುವುದು.

ಆಮೇಲೆ ಅವರು ಇನ್ನೊಂದು ಪೆಟ್ಟಿಗೆ ತರಬಹುದು. ತಂದರೆ ಅದೂ ಕಳೆದುಹೋಗುತ್ತದೆ.

“ಇನ್ನೂ ಹೊರಡಲಿಲ್ವಾ? ಬಸ್ಸು ಹೋಗುತ್ತೆ ನೋಡು,” ಎಂದು ಕಿಟಕಿಯ ಬಳಿಯಿಂದ ಅತ್ತೆ ಕೂಗಿದರು.

“ಹೊರಟೆ ಅತ್ತೆ,” ಎಂದು ಅವಳು ಕೈಚೀಲವನ್ನು ಉರಿಯದ ತೋಳಿಗೆ ಹಾಕಿಕೊಂಡಳು.